ಮುಖ ಉಳಿದರೆ ದಕ್ಕೆ ಉಳಿದೀತೆ? ಹಳೆಯ ಬಂದರುಗಳ ಕಲ್ಲುಗೋಡೆಗಳ ಪ್ರಶ್ನೆ

2020ರ ಸೆಪ್ಟೆಂಬರ್ ತಿಂಗಳ ಮೊದಲ ದಿನ ಆಮ್‌ಸ್ಟರ್‌ಡ್ಯಾಮಿನ ಹಳೆಯ ನಗರಭಾಗದಲ್ಲಿ, ಗ್ರಿಮ್‌ಬರ್ಗ್‌ವಾಲ್ ಎಂಬ ಕಾಲುವೆಯ ದಕ್ಕೆಗೋಡೆಯ (ದೋಣಿ, ಹಡಗುಗಳು ಬಂದು ನಿಲ್ಲುವ ನೀರಂಚಿನ ಕಟ್ಟೆಯ ಗೋಡೆಯ) ಒಂದು ಭಾಗ ಏಕಾಏಕಿ ಕುಸಿದು ನೀರಿಗೆ ಬಿತ್ತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ನಗರಾಡಳಿತ ಕೆಲವು ವರ್ಷಗಳಿಂದ ಆತಂಕದಿಂದ ಗಮನಿಸುತ್ತಿದ್ದ ಸಂಗತಿಯನ್ನು ಆ ಕುಸಿತ ಎಲ್ಲರ ಕಣ್ಣೆದುರಿಗೆ ತಂದು ನಿಲ್ಲಿಸಿತು. ಕುದುರೆಗಾಡಿಗಳ ಕಾಲಕ್ಕೆಂದು ಕಟ್ಟಿದ ಗೋಡೆಗಳ ಮೇಲೆ ಇಂದು ಲಾರಿಗಳು ಓಡಾಡುತ್ತಿವೆ. ಆ ಗೋಡೆಗಳನ್ನು ಹೊತ್ತಿರುವುದು ನೀರಿನಡಿಯ ಮರದ ಕಂಬಗಳು. ಸುಮಾರು 200 ಕಿಲೋಮೀಟರ್ ಉದ್ದದ ಇಂಥ ಗೋಡೆಗಳನ್ನು ನಗರವು ಒಂದೊಂದಾಗಿ ಪರೀಕ್ಷಿಸಬೇಕಾಗಿದೆ. ಪ್ರವಾಸಿಗರು ಛಾಯಾಚಿತ್ರ ತೆಗೆಯುತ್ತಿದ್ದ ಇಟ್ಟಿಗೆಯ ಮುಖ, ಅದರ ಮೇಲಿನ ಅಂಚುಗಲ್ಲು, ದೋಣಿ ಕಟ್ಟುವ ಬಳೆ ಇವೆಲ್ಲ ನೋಟಕ್ಕೆ ನೆಟ್ಟಗೇ ಇದ್ದವು. ಕೈಕೊಟ್ಟದ್ದು ಯಾರ ಕಣ್ಣಿಗೂ ಬೀಳದ ತಳಭಾಗ.

ಐತಿಹಾಸಿಕ ಬಂದರುಗಳ ಕಲ್ಲಿನ ದಕ್ಕೆಗಳನ್ನು ಉಳಿಸಬೇಕೆಂಬ ಮಾತಿಗೆ ಇಂದು ವಿರೋಧ ಕಡಿಮೆ. ಹಲವು ದೇಶಗಳಲ್ಲಿ ಅವು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ, ಕೆಲವು ವಿಶ್ವ ಪರಂಪರೆಯ ತಾಣಗಳೂ ಆಗಿವೆ. ಆದರೂ ಅವು ಕುಸಿಯುತ್ತಿವೆ, ಹೂತುಹೋಗುತ್ತಿವೆ, ಕಾಂಕ್ರೀಟಿನ ಹೊದಿಕೆಯ ಹಿಂದೆ ಮರೆಯಾಗುತ್ತಿವೆ. ಇದಕ್ಕೆ ಮುಖ್ಯ ಕಾರಣ ನಮ್ಮ ಸಂರಕ್ಷಣೆಯ ಕಾನೂನು ಮತ್ತು ಅಭ್ಯಾಸಗಳೆರಡೂ ಕಟ್ಟಡದ ಮುಖವನ್ನು ನೋಡಲು ಕಲಿತಿರುವುದು ಎಂಬುದು ನನ್ನ ಅಭಿಪ್ರಾಯ. ದಕ್ಕೆಯು ಆ ಅರ್ಥದ ಕಟ್ಟಡವೇ ಅಲ್ಲ. ಹಿಂದಿನಿಂದ ಒತ್ತುವ ಮಣ್ಣು, ಮುಂದಿನಿಂದ ಆನಿಕೊಂಡಿರುವ ನೀರು, ನಡುವೆ ಭಾರದಿಂದ ನಿಂತಿರುವ ಕಲ್ಲು, ಕೆಳಗೆ ಸರಿದಾಡಬಹುದಾದ ತಳ ಇವು ನಾಲ್ಕೂ ಸೇರಿ ನಡೆಸುವ ಏರ್ಪಾಡು ಅದು. ಅವುಗಳಲ್ಲಿ ಒಂದನ್ನು ಬದಲಿಸಿದರೂ ಉಳಿದ ಮೂರರ ಲೆಕ್ಕ ತಪ್ಪುತ್ತದೆ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಹಳೆಯ ಕಲ್ಲಿನ ದಕ್ಕೆಗೋಡೆ ತನ್ನ ತೂಕದಿಂದಲೇ ನಿಲ್ಲುವ ಗೋಡೆ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಮುಖ ಸಾಮಾನ್ಯವಾಗಿ ಒಳಕ್ಕೆ ವಾಲಿರುತ್ತದೆ. ಕಡಲು ಉಕ್ಕುವ ಭರತದ ಹೊತ್ತಿನಲ್ಲಿ ಮುಂದಿನ ನೀರು ಗೋಡೆಗೆ ಆಸರೆ ಕೊಡುತ್ತದೆ. ಅದೇ ವೇಳೆ ನೀರು ಸಂದುಗಳ ಮೂಲಕ ಹಿಂದಿನ ಮಣ್ಣಿನೊಳಕ್ಕೂ ಸೇರುತ್ತದೆ. ಇಳಿತ ಬಂದಾಗ ಮುಂದಿನ ನೀರು ಬೇಗ ಇಳಿದುಹೋಗುತ್ತದೆ, ಹಿಂದಿನ ನೀರು ನಿಧಾನವಾಗಿ ಬಸಿಯುತ್ತದೆ. ಹೀಗೆ ದಿನಕ್ಕೆರಡು ಬಾರಿ, ಕೆಲವು ಗಂಟೆಗಳ ಕಾಲ, ಗೋಡೆಯು ಆಸರೆಯಿಲ್ಲದೆ ನೆನೆದ ಮಣ್ಣಿನ ಪೂರ್ತಿ ಒತ್ತಡವನ್ನು ತಡೆಯಬೇಕಾಗುತ್ತದೆ. ದಕ್ಕೆಗೆ ಅತ್ಯಂತ ಕಷ್ಟದ ಗಳಿಗೆ ಬಿರುಗಾಳಿಯದ್ದೇ ಆಗಬೇಕೆಂದಿಲ್ಲ. ಜೋರು ಮಳೆಯ ನಂತರ ಬರುವ ದೊಡ್ಡ ಇಳಿತವೂ ಅಷ್ಟೇ ಅಪಾಯಕಾರಿ. ಹಳೆಯ ಕಟ್ಟುಗರಿಗೆ ಇದು ಅನುಭವದಿಂದ ತಿಳಿದಿತ್ತು. ಆದ್ದರಿಂದಲೇ ಗೋಡೆಯ ಹಿಂದೆ ನೇರವಾಗಿ ಮಣ್ಣು ತುಂಬದೆ ಒಡೆದ ಕಲ್ಲಿನ ಪದರವನ್ನು ತುಂಬಿದರು, ನೀರು ಬಸಿಯಲು ಕಿಂಡಿಗಳನ್ನು ಬಿಟ್ಟರು, ಅನೇಕ ಕಡೆ ಸಂದುಗಳಿಗೆ ಗಾರೆಯನ್ನೇ ಹಾಕಲಿಲ್ಲ. ಇಂದು ನೋಡುವವರಿಗೆ ಶಿಥಿಲತೆಯಂತೆ ಕಾಣುವ ತೆರೆದ ಸಂದು ಅನೇಕ ವೇಳೆ ಅವರು ಬೇಕೆಂದೇ ಬಿಟ್ಟ ದಾರಿ.

ಕಲ್ಲನ್ನು ಜೋಡಿಸುವ ರೀತಿಯಲ್ಲೂ ಇದೇ ವಿವೇಕವಿದೆ. ಈಗಿನ ಇಸ್ರೇಲಿನ ಕರಾವಳಿಯ ಅತ್‌ಲಿತ್ ಎಂಬಲ್ಲಿ ಪ್ರಾಚೀನ ಕಡಲವ್ಯಾಪಾರಿಗಳಾದ ಫಿನೀಷಿಯನ್ನರು ಕ್ರಿಸ್ತಪೂರ್ವ ಒಂಬತ್ತು–ಎಂಟನೆಯ ಶತಮಾನಗಳಲ್ಲಿ ಕಟ್ಟಿದ ಬಂದರಿನ ಅವಶೇಷಗಳಿವೆ. ಅಲ್ಲಿ ಉದ್ದನೆಯ ಕಲ್ಲುಗಳನ್ನು ಅವುಗಳ ಕಿರಿದಾದ ತುದಿ ಸಮುದ್ರಕ್ಕೆ ಮುಖಮಾಡುವಂತೆ, ಉದ್ದವು ಗೋಡೆಯ ಒಳಕ್ಕೆ ಹೋಗುವಂತೆ ಇಟ್ಟಿದ್ದಾರೆ. ಅಲೆಗೆ ಸಿಗುವ ಮುಖ ಚಿಕ್ಕದು, ಕಲ್ಲಿನ ಹಿಡಿತ ದೊಡ್ಡದು. ಸುಮಾರು ಎರಡೂವರೆ ಸಾವಿರ ವರ್ಷಗಳ ನಂತರ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸಣ್ಣ ಮೀನುಗಾರಿಕಾ ಬಂದರುಗಳಲ್ಲಿ ಕಲ್ಲುಕುಟಿಗರು ಇನ್ನೊಂದು ಉಪಾಯವನ್ನು ಬಳಸಿದರು. ಅವರು ಕಲ್ಲುಗಳನ್ನು ಅಡ್ಡವಾಗಿ ಮಲಗಿಸದೆ, ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿದರು. ಅಲೆ ಅಪ್ಪಳಿಸಿದಾಗ ನೀರು ಸಂದಿನೊಳಕ್ಕೆ ನುಗ್ಗಿ ಅಲ್ಲಿನ ಗಾಳಿಯನ್ನು ಒತ್ತುತ್ತದೆ. ಅಲೆ ಹಿಂದೆ ಸರಿದಾಗ ಆ ಒತ್ತಡವು ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ಅಡ್ಡ ವರಸೆಯಲ್ಲಿ ಒಂದು ಕಲ್ಲು ಹೀಗೆ ಹೊರಬಂದರೆ ಮೇಲಿನವು ಸಡಿಲವಾಗುತ್ತವೆ. ನೆಟ್ಟಗೆ ಬಿಗಿದ ಕಲ್ಲುಗಳ ನಡುವೆ ನೀರು ಮೇಲಿನಿಂದ ಕೆಳಗಿನವರೆಗೆ ಸರಾಗವಾಗಿ ಹರಿದು ಹೋಗುತ್ತದೆ. ಈ ಗೋಡೆಗಳಿಗೆ ಹೆಸರಾಂತ ವಾಸ್ತುಶಿಲ್ಪಿಗಳಿಲ್ಲ. ವಾಸ್ತುಶಿಲ್ಪದ ಇತಿಹಾಸದಲ್ಲಿ ಅವುಗಳಿಗೆ ಸಿಕ್ಕಿರುವ ಜಾಗವೂ ಬಹಳ ಕಡಿಮೆ. ನನ್ನ ದೃಷ್ಟಿಯಲ್ಲಿ ಇದೊಂದು ದೊಡ್ಡ ಕೊರತೆ.

ಅದೇ ಸ್ಕಾಟ್ಲೆಂಡಿನ ವಿಕ್ ಎಂಬ ಊರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧವಾದ ಪಾಠ. ಅಲ್ಲಿ ಅಲೆ ತಡೆಗೋಡೆಯನ್ನು ಕಟ್ಟಿಸಿದ ಥಾಮಸ್ ಸ್ಟೀವನ್‌ಸನ್ ಸಾಮಾನ್ಯ ಎಂಜಿನಿಯರ್ ಅಲ್ಲ. ಅಲೆಯ ಹೊಡೆತವನ್ನು ಅಳೆಯುವ ಉಪಕರಣವನ್ನು ಸ್ವತಃ ರೂಪಿಸಿ, ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಸ್ಕೆರಿವೋರ್ ಬಂಡೆಯ ಬಳಿ 1845ರಲ್ಲಿ ಚದರ ಮೀಟರಿಗೆ ಸುಮಾರು 30 ಟನ್‌ಗಳಷ್ಟು ಹೊಡೆತವನ್ನು ದಾಖಲಿಸಿದ್ದವರು. ಅವರು ವಿಕ್‌ನ ತಡೆಗೋಡೆಯ ತುದಿಯಲ್ಲಿ ದೊಡ್ಡ ಕಲ್ಲುಗಳನ್ನೂ ಕಾಂಕ್ರೀಟನ್ನೂ ಕಬ್ಬಿಣದ ಸರಳುಗಳಿಂದ ಬಿಗಿದು ಒಂದೇ ರಾಶಿಯಾಗಿ ಮಾಡಿದರು. 1872ರ ಡಿಸೆಂಬರಿನ ಬಿರುಗಾಳಿ ಸುಮಾರು 1,350 ಟನ್ ತೂಕದ ಆ ರಾಶಿಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ತಿರುಗಿಸಿತು. ಅದರ ಜಾಗದಲ್ಲಿ ಇಟ್ಟ ಸುಮಾರು 2,600 ಟನ್‌ಗಳ ಹೊಸ ರಾಶಿಯನ್ನು 1877ರಲ್ಲಿ ಸಮುದ್ರ ಮತ್ತೆ ಕಿತ್ತುಹಾಕಿತು. ತೂಕವನ್ನು ಇಮ್ಮಡಿಗೊಳಿಸಿದರೂ ಫಲ ಒಂದೇ ಆಯಿತು. ನೀರಿಗೆ ದಾರಿ ಬಿಟ್ಟ ಚಿಕ್ಕ ಗೋಡೆಗಳು ನಿಂತ ಕರಾವಳಿಯಲ್ಲೇ ನೀರನ್ನು ಪೂರ್ತಿಯಾಗಿ ತಡೆಯಲು ಹೋದ ದೊಡ್ಡ ರಾಶಿ ಸೋತದ್ದು, ಹಳೆಯ ದಕ್ಕೆಗಳನ್ನು ಕಾಂಕ್ರೀಟ್ ಸುರಿದು "ಬಲಪಡಿಸುವ" ಇಂದಿನ ಯೋಜನೆಗಳನ್ನು ಪರಿಶೀಲಿಸುವವರು ನೆನಪಿಡಬೇಕಾದ ಸಂಗತಿ.

ಗಾರೆಯ ವಿಷಯದಲ್ಲಿ ನಡೆಯುವ ಹಾನಿ ಇನ್ನೂ ವ್ಯಾಪಕ. ಸಮುದ್ರದೊಳಗೆ ಗಟ್ಟಿಯಾಗುವ ಗಾರೆಯನ್ನು ರೋಮನ್ನರು ನೇಪಲ್ಸ್ ಕೊಲ್ಲಿಯ ಜ್ವಾಲಾಮುಖಿ ಬೂದಿ ಮತ್ತು ಸುಣ್ಣದಿಂದ ತಯಾರಿಸುತ್ತಿದ್ದರು. ಯೂದಾಯದ ಹೆರೋದ್ ರಾಜನು ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಸೀಸರೀಯ ಬಂದರಿಗೆ ಆ ಬೂದಿಯನ್ನು ಹಡಗುಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಆಚೆ ತುದಿಯವರೆಗೆ ಸಾಗಿಸಲಾಗಿತ್ತು. ಇಂಥ ರೋಮನ್ ಕಾಂಕ್ರೀಟಿನೊಳಕ್ಕೆ ಸಮುದ್ರದ ನೀರು ಇಳಿದಂತೆ ಹೊಸ ಖನಿಜ ಹರಳುಗಳು ಬೆಳೆದು ಅದು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಭೂವಿಜ್ಞಾನಿ ಮೇರಿ ಜಾಕ್ಸನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಹದಿನೆಂಟನೆಯ ಶತಮಾನದಲ್ಲಿ ಎಂಜಿನಿಯರ್ ಜಾನ್ ಸ್ಮೀಟನ್ ಇಂಗ್ಲೆಂಡಿನ ಕಡಲಬಂಡೆಯೊಂದರ ಮೇಲಿನ ಎಡ್ಡಿಸ್ಟೋನ್ ದೀಪಸ್ತಂಭಕ್ಕಾಗಿ ಪ್ರಯೋಗ ನಡೆಸಿ, ಜೇಡಿಯ ಅಂಶವಿರುವ ಸುಣ್ಣಕಲ್ಲನ್ನು ಸುಟ್ಟರೆ ನೀರಿನಲ್ಲೂ ಗಟ್ಟಿಯಾಗುವ ಸುಣ್ಣ ಸಿಗುತ್ತದೆ ಎಂದು ಕಂಡುಕೊಂಡರು. ಈ ಬಗೆಯ ಸುಣ್ಣದ ಗಾರೆಗಳಿಗೆ ಒಂದು ಸಮಾನ ಗುಣವಿದೆ: ಅವು ಕಲ್ಲಿಗಿಂತ ಮೆದು, ತುಸು ಬಾಗಬಲ್ಲವು, ತೇವವನ್ನು ಹೊರಕ್ಕೆ ಬಿಡುತ್ತವೆ. ಗೋಡೆ ಅಲುಗಿದರೆ ಸವೆಯುವುದು ಗಾರೆ, ಕಲ್ಲಲ್ಲ. ಗಾರೆಯನ್ನು ಮತ್ತೆ ತುಂಬಬಹುದು.

1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮುಂದಿನ ದಶಕಗಳಲ್ಲಿ ಸುಧಾರಿಸಿ, ಇಪ್ಪತ್ತನೆಯ ಶತಮಾನದ ದುರಸ್ತಿಗಳಲ್ಲೆಲ್ಲ ಸುಣ್ಣದ ಜಾಗವನ್ನು ಹಿಡಿಯಿತು. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದ ದಕ್ಕೆ ಕೆಲವು ವರ್ಷ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಮಾತ್ರ ಎರಡು ಕೆಲಸ ನಡೆಯುತ್ತಿರುತ್ತದೆ. ಒಂದು, ಹಿಂದಿನ ನೀರಿಗೆ ಬಸಿಯುವ ದಾರಿ ತಪ್ಪಿ ಇಳಿತದ ಹೊತ್ತಿನ ಒತ್ತಡ ಹೆಚ್ಚುತ್ತದೆ. ಇನ್ನೊಂದು, ಸಂದಿನ ಮೂಲಕ ಹೊರಬರಬೇಕಿದ್ದ ಉಪ್ಪುನೀರು ಕಲ್ಲಿನ ಮೂಲಕವೇ ಹೊರಬರುತ್ತದೆ. ಮರಳುಗಲ್ಲು ಅಥವಾ ಮೆದು ಸುಣ್ಣಕಲ್ಲಾದರೆ ಉಪ್ಪಿನ ಹರಳುಗಳು ಮೈಯೊಳಗೆ ಬೆಳೆದು ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಉಬ್ಬಿ ನಿಂತು, ಅವುಗಳ ನಡುವೆ ಕಲ್ಲು ಗುಂಡಿಬಿದ್ದ ದೃಶ್ಯವನ್ನು ಎಷ್ಟೋ ಹಳೆಯ ಬಂದರುಗಳಲ್ಲಿ ಕಾಣಬಹುದು. ಅಂಚುಗಲ್ಲುಗಳನ್ನು ಒಂದಕ್ಕೊಂದು ಬಿಗಿಯಲು ಹಾಕಿದ ಕಬ್ಬಿಣದ ಕೊಂಡಿಗಳ ಕಥೆಯೂ ಹೀಗೆಯೇ: ಸೀಸ ಎರೆದು ಕೂರಿಸಿದ್ದ ಕೊಂಡಿಗೆ ನೀರು ತಾಗಿದರೆ ಅದು ತುಕ್ಕು ಹಿಡಿದು ಉಬ್ಬುತ್ತದೆ, ಗ್ರಾನೈಟನ್ನೂ ಸೀಳುತ್ತದೆ.

ತಳಭಾಗದ ಸಮಸ್ಯೆ ಇವೆಲ್ಲಕ್ಕಿಂತ ಗಂಭೀರ, ಏಕೆಂದರೆ ಅದು ಕಾಣುವುದಿಲ್ಲ. ಎಡ್ಡಿಸ್ಟೋನ್‌ನ ಸ್ಮೀಟನ್ ಗೋಪುರವನ್ನೇ ನೋಡಿ. ಒಂದಕ್ಕೊಂದು ಕಚ್ಚಿ ಕೂರುವಂತೆ ಕೆತ್ತಿದ ಕಲ್ಲುಗಳಿಂದ 1759ರಲ್ಲಿ ಮುಗಿದ ಆ ಗೋಪುರ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅಲೆಗಳನ್ನು ತಡೆಯಿತು. ಅದನ್ನು ಬಿಟ್ಟುಕೊಡಬೇಕಾಗಿ ಬಂದದ್ದು ಅದರ ಕಲ್ಲು ಸಡಿಲವಾಗಿ ಅಲ್ಲ, ಅದು ನಿಂತಿದ್ದ ಬಂಡೆಯೇ ಕೆಳಗಿನಿಂದ ಕೊರೆದುಹೋಗಿ. ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್ ನಗರದಲ್ಲಿ ಮತ್ತೆ ಕಟ್ಟಿದರು. ಅದು ಇಂದಿಗೂ ಅಲ್ಲಿದೆ. ಬಂಡೆಯ ಮೇಲೆ ನಿಂತದ್ದಕ್ಕೇ ಹೀಗಾದರೆ, ಕೆಸರಿನಲ್ಲಿ ಮರದ ಕಂಬಗಳ ಮೇಲೆ ನಿಂತ ದಕ್ಕೆಗಳ ಸ್ಥಿತಿಯನ್ನು ಊಹಿಸಬಹುದು. ಆ ಕಂಬಗಳು ಸದಾ ನೀರಿನಡಿ ಇದ್ದರೆ ಶತಮಾನಗಳ ಕಾಲ ಬಾಳುತ್ತವೆ. ಸುತ್ತಲಿನ ಅಂತರ್ಜಲದ ಮಟ್ಟ ಇಳಿದು ಅವುಗಳ ತಲೆ ಗಾಳಿಗೆ ತೆರೆದುಕೊಂಡರೆ ಕೊಳೆಯತೊಡಗುತ್ತವೆ. ಉಪ್ಪುನೀರಾದರೆ ಮರವನ್ನು ಕೊರೆಯುವ ಹಡಗುಹುಳುವಿನ ಕಾಟ ಬೇರೆ. 1730ರ ದಶಕದಲ್ಲಿ ಈ ಹುಳು ನೆದರ್ಲೆಂಡ್ಸಿನ ಕಡಲ ಒಡ್ಡುಗಳ ಮರದ ಹೊದಿಕೆಯನ್ನು ತಿಂದು ಹಾಕಿದಾಗ, ಕಲ್ಲಿಲ್ಲದ ಆ ದೇಶವು ಹೊರಗಿನಿಂದ ಕಲ್ಲು ತರಿಸಿ ಒಡ್ಡುಗಳಿಗೆ ಹೊದಿಸಬೇಕಾಯಿತು.

ಇದಕ್ಕೆ ನಮ್ಮ ಕಾಲ ಇನ್ನೊಂದು ಕಾರಣವನ್ನು ಸೇರಿಸಿದೆ. ಹಾಯಿಹಡಗುಗಳು ದಕ್ಕೆಯ ಬುಡದ ಮಣ್ಣನ್ನು ಕದಡುತ್ತಿರಲಿಲ್ಲ. ಇಂದಿನ ದೋಣಿಗಳನ್ನು ಮುಂದೂಡುವ ಹಿಂಬದಿಯ ಪ್ರೊಪೆಲರ್‌ಗಳೂ, ಪಕ್ಕಕ್ಕೆ ಸರಿಯಲು ಮೂತಿಯ ಬಳಿ ಅಳವಡಿಸಿದ ತಿರುಗಣೆಗಳೂ ನೀರನ್ನು ನೇರವಾಗಿ ಗೋಡೆಯ ಬುಡಕ್ಕೆ ಚಿಮ್ಮುತ್ತವೆ. ಪ್ರತಿ ಬಾರಿ ಪ್ರವಾಸಿ ದೋಣಿಯೊಂದು ಹಳೆಯ ದಕ್ಕೆಯನ್ನು ತಲುಪಿ ಹೊರಟಾಗ ಸ್ವಲ್ಪ ಸ್ವಲ್ಪ ತಳಮಣ್ಣು ಕೊಚ್ಚಿಹೋಗುತ್ತದೆ. ದೊಡ್ಡ ದೋಣಿಗಳಿಗಾಗಿ ಹೂಳೆತ್ತಿ ಆಳ ಹೆಚ್ಚಿಸಿದರಂತೂ ಗೋಡೆಯ ಪಾದಕ್ಕೆ ಮುಂದಿನಿಂದ ಇದ್ದ ಆಸರೆಯೇ ಹೋಗುತ್ತದೆ. ಪರಂಪರೆಯನ್ನು ನೋಡಲು ಬರುವ ದೋಣಿಯೇ ಪರಂಪರೆಯ ತಳವನ್ನು ಕೊರೆಯುವ ಈ ಸ್ಥಿತಿಗೆ ವೇಗ ಮತ್ತು ಗಾತ್ರದ ಮಿತಿ ವಿಧಿಸುವುದು ಬಿಟ್ಟರೆ ಅಗ್ಗದ ಪರಿಹಾರವಿಲ್ಲ.

ಇಷ್ಟು ಪಳಗಿದ ವ್ಯವಸ್ಥೆ ಬಳಕೆಯಿಂದ ಹೊರಬಿದ್ದದ್ದು ಹೇಗೆ ಎಂಬುದು ಪರಿಚಿತ ಸಂಗತಿ, ಆದ್ದರಿಂದ ಬೇಗ ಹೇಳಿ ಮುಗಿಸಬಹುದು. 1956ರ ಏಪ್ರಿಲಿನಲ್ಲಿ ಸಾರಿಗೆ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಕಂಟೇನರುಗಳನ್ನು ಹೊತ್ತು ಅಮೆರಿಕದ ನ್ಯೂವರ್ಕ್‌ನಿಂದ ಹೂಸ್ಟನ್‌ಗೆ ಹೋಯಿತು. ಮುಂದಿನ ಕಾಲು ಶತಮಾನದಲ್ಲಿ ಬಂದರುಗಳು ನಗರ ಬಿಟ್ಟು, ಇಂಥ ಹಡಗುಗಳಿಗೆ ಬೇಕಾದ ಆಳವಾದ ನೀರು ಮತ್ತು ಕಂಟೇನರು ಪೇರಿಸಲು ವಿಶಾಲವಾದ ಬಯಲು ಇರುವ ಕಡೆ ಹೋದವು. ನಗರಗಳೊಳಗೆ ಉಳಿದವು ಹಳೆಯ ಡಾಕ್‌ಗಳು, ಅಂದರೆ ಸುತ್ತ ಗೋಡೆ ಕಟ್ಟಿದ ಹಡಗುಕೊಳಗಳು. ಲಂಡನ್ನಿನ ಸೇಂಟ್ ಕ್ಯಾಥರಿನ್ ಡಾಕ್ 1968ರಲ್ಲಿ, ಲಿವರ್‌ಪೂಲಿನ ಆಲ್ಬರ್ಟ್ ಡಾಕ್ 1972ರಲ್ಲಿ, 1802ರಿಂದ ನಡೆಯುತ್ತಿದ್ದ ಲಂಡನ್ನಿನದೇ ವೆಸ್ಟ್ ಇಂಡಿಯಾ ಡಾಕ್ 1980ರಲ್ಲಿ ಮುಚ್ಚಿದವು. ನಗರದ ಹೃದಯಭಾಗದಲ್ಲಿ, ನೀರಿನ ಅಂಚಿನಲ್ಲಿ, ಅತ್ಯಂತ ಬೆಲೆಬಾಳುವ ಭೂಮಿ ಖಾಲಿಯಾಗಿ ಉಳಿಯಿತು. ನಂತರದ ಎಲ್ಲ ವಾದಗಳ ಮೂಲ ಇಲ್ಲಿದೆ.

ಆ ವಾದಗಳಲ್ಲಿ ಲಿವರ್‌ಪೂಲಿನದು ಅತ್ಯಂತ ಮುಖ್ಯವಾದದ್ದು. ಥಾಮಸ್ ಸ್ಟಿಯರ್ಸ್ ರೂಪಿಸಿದ ಅಲ್ಲಿನ ಓಲ್ಡ್ ಡಾಕ್ 1715ರಲ್ಲಿ ತೆರೆದಾಗ, ಭರತ ಇಳಿತಗಳ ಏರಿಳಿತವಿಲ್ಲದೆ ಹಡಗುಗಳು ತೇಲುತ್ತಲೇ ಸರಕು ಇಳಿಸಬಹುದಾದ, ಬಾಗಿಲಿರುವ ಜಗತ್ತಿನ ಮೊದಲ ವಾಣಿಜ್ಯ ಡಾಕ್ ಅದಾಗಿತ್ತು. 1824ರಿಂದ 1860ರವರೆಗೆ ಆ ಬಂದರಿನ ಎಂಜಿನಿಯರ್ ಆಗಿದ್ದ ಜೆಸ್ಸಿ ಹಾರ್ಟ್ಲಿ ಕಟ್ಟಿಸಿದ ಗ್ರಾನೈಟ್ ಗೋಡೆಗಳನ್ನು ಕಂಡವರು ಮರೆಯುವುದಿಲ್ಲ. ಸ್ಕಾಟ್ಲೆಂಡಿನಿಂದ ತರಿಸಿದ ಗ್ರಾನೈಟಿನ ದೊಡ್ಡ ದೊಡ್ಡ ಬಂಡೆಗಳನ್ನು ಒಂದೇ ಅಳತೆಗೆ ಕತ್ತರಿಸದೆ, ಅವುಗಳ ಓರೆಕೋರೆ ಆಕಾರಕ್ಕೆ ತಕ್ಕಂತೆ ಪಕ್ಕದ ಕಲ್ಲನ್ನು ಕೆತ್ತಿ, ಸಂದುಗಳಲ್ಲಿ ಸಣ್ಣ ಚೂರುಗಳನ್ನು ಬಿಗಿದು ಕಟ್ಟಿದ ಗೋಡೆಗಳವು. ಕಲ್ಲು ವ್ಯರ್ಥವಾಗಲಿಲ್ಲ, ನೇರವಾದ ಸಂದಿನ ಗೆರೆ ಎಲ್ಲೂ ಓಡಲಿಲ್ಲ, ಆದ್ದರಿಂದ ಬಿರುಕು ಹಬ್ಬಲು ದಾರಿಯೂ ಸಿಗಲಿಲ್ಲ. 1846ರಲ್ಲಿ ತೆರೆದ ಅವರ ಆಲ್ಬರ್ಟ್ ಡಾಕ್ ಬೆಂಕಿಗೆ ಹೆದರಬೇಕಿಲ್ಲದಂತೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಿಂದಲೇ ಆದದ್ದು.

ಈ ಬಂದರುಭಾಗವನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2012ರಲ್ಲಿ ಅಪಾಯದಲ್ಲಿರುವ ತಾಣವೆಂದು ಘೋಷಿಸಿತು, 2021ರ ಜುಲೈನಲ್ಲಿ ಪಟ್ಟಿಯಿಂದಲೇ ತೆಗೆದುಹಾಕಿತು. ಒಮಾನಿನ ಓರಿಕ್ಸ್ ಅಭಯಾರಣ್ಯ ಮತ್ತು ಜರ್ಮನಿಯ ಡ್ರೆಸ್ಡೆನ್ ಕಣಿವೆಯ ನಂತರ ಹೀಗೆ ಸ್ಥಾನ ಕಳೆದುಕೊಂಡ ಮೂರನೆಯ ತಾಣ ಅದು. ನದಿಯಂಚಿನ ಬೃಹತ್ ಕಟ್ಟಡ ಯೋಜನೆಯೊಂದಿಗೆ, ಹಾರ್ಟ್ಲಿ 1848ರಲ್ಲಿ ಮುಗಿಸಿದ ಬ್ರ್ಯಾಮ್ಲಿ-ಮೂರ್ ಡಾಕ್‌ನ ಜಾಗದಲ್ಲಿ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಹೊಸ ಕ್ರೀಡಾಂಗಣಕ್ಕೆ ದೊರೆತ ಅನುಮತಿಯೂ ಈ ನಿರ್ಧಾರದ ಹಿಂದಿತ್ತು. ಡಾಕ್‌ಗೆ ಮರಳು ತುಂಬಲಾಯಿತು. 2025ರಲ್ಲಿ ಕ್ರೀಡಾಂಗಣ ತೆರೆಯಿತು.

ಯೋಜನೆಯ ಪರವಾಗಿದ್ದವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಭಾಗ ದಶಕಗಳಿಂದ ಪಾಳುಬಿದ್ದಿತ್ತು, ಉತ್ತರ ಲಿವರ್‌ಪೂಲಿಗೆ ಉದ್ಯೋಗ ಬೇಕಿತ್ತು, ಹಳೆಯ ಗೋಡೆಗಳನ್ನು ಒಡೆಯದೆ ಮರಳಿನಡಿ ಉಳಿಸಲಾಗಿದೆ, ಎಂದಾದರೂ ಬೇಕೆಂದರೆ ಮತ್ತೆ ಅಗೆಯಬಹುದು. ಕೊನೆಯ ಅಂಶಕ್ಕೆ ಅದೇ ಊರಿನಲ್ಲಿ ನಿದರ್ಶನವೂ ಇದೆ. 1826ರಲ್ಲಿ ಮುಚ್ಚಿ ಮಣ್ಣು ತುಂಬಿದ್ದ ಓಲ್ಡ್ ಡಾಕ್ 2001ರ ಉತ್ಖನನದಲ್ಲಿ ಸುಸ್ಥಿತಿಯಲ್ಲಿ ಸಿಕ್ಕಿತು, ಈಗ ಅದರ ಒಂದು ಭಾಗವನ್ನು ವ್ಯಾಪಾರ ಸಂಕೀರ್ಣದ ಕೆಳಗೆ ನೋಡಬಹುದು. ಹೂತಿಟ್ಟ ಕಲ್ಲು ಹಾಳಾಗುವುದಿಲ್ಲ ಎಂಬುದು ನಿಜ. ಇಸ್ತಾಂಬುಲಿನ ಯೆನಿಕಾಪಿಯಲ್ಲಿ ಹೂಳಿನಡಿ ಸೇರಿಹೋಗಿದ್ದ ಬೈಜಾಂಟಿಯನ್ ಬಂದರು 2004ರಿಂದ ನಡೆದ ಉತ್ಖನನದಲ್ಲಿ 37 ಹಡಗುಗಳ ಅವಶೇಷಗಳೊಂದಿಗೆ ಹೊರಬಂದದ್ದೂ ಹೂಳಿನ ಕೃಪೆಯಿಂದಲೇ. ಆದರೆ ಪುರಾತತ್ವಕ್ಕೆ ಸಲ್ಲುವ ಈ ವಾದವನ್ನು ಸಂರಕ್ಷಣೆಯ ಯೋಜನೆಗೆ ಅನ್ವಯಿಸಿದರೆ, ಯಾವ ದಕ್ಕೆಯನ್ನಾದರೂ ಮಣ್ಣು ಮುಚ್ಚಿ "ಉಳಿಸಿದೆವು" ಎನ್ನಬಹುದು. ಡಾಕ್ ಎಂದರೆ ನೀರಿನ ಸುತ್ತ ಕಟ್ಟಿದ ಗೋಡೆ. ನೀರನ್ನು ತೆಗೆದ ಮೇಲೆ ಉಳಿಯುವುದು ಗೋಡೆಯ ದಾಸ್ತಾನು. ಕೆಲಸವಿಲ್ಲದೆ ಪಾಳುಬಿದ್ದ ಡಾಕ್ ಮತ್ತು ಮರಳು ತುಂಬಿದ ಡಾಕ್ ಇವೆರಡರ ನಡುವೆ ಮಾತ್ರ ಆಯ್ಕೆ ಇರುವಂತೆ ವಿಷಯವನ್ನು ಮುಂದಿಟ್ಟದ್ದೇ ತಪ್ಪಾಯಿತೆಂದು ನಾನು ಭಾವಿಸುತ್ತೇನೆ.

ಫ್ರಾನ್ಸಿನ ಬೋರ್ಡೊ ನಗರ ಮೂರನೆಯ ದಾರಿಯೊಂದನ್ನು ತೋರಿಸಿತು. ಗರೋನ್ ನದಿಯ ಅರ್ಧಚಂದ್ರಾಕಾರದ ದಂಡೆಯಲ್ಲಿನ ಹದಿನೆಂಟನೆಯ ಶತಮಾನದ ಕಲ್ಲುಕಟ್ಟಡಗಳ ಸಾಲನ್ನು ಗೋದಾಮುಗಳೂ ಬೇಲಿಗಳೂ ಬಹುಕಾಲ ಮರೆಮಾಡಿದ್ದವು. ಅವನ್ನು ತೆಗೆದು, ದಕ್ಕೆಯುದ್ದಕ್ಕೂ ಜನ ನಡೆದಾಡುವ ಜಾಗ ಮಾಡಿದ ನಂತರ 2007ರಲ್ಲಿ ಆ ಬಂದರುನಗರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿಯೂ ಸರಕು ಹಡಗುಗಳು ಮರಳಿ ಬರಲಿಲ್ಲ, ಆದರೆ ನದಿ, ದಂಡೆ, ಕಟ್ಟಡಗಳ ಸಂಬಂಧ ಕಡಿಯಲಿಲ್ಲ.

ಜಪಾನಿನ ತೊಮೊನೌರಾ ಎಂಬ ಸಣ್ಣ ಬಂದರಿನ ವಿವಾದ ಇದಕ್ಕಿಂತ ಮುಂದಕ್ಕೆ ಹೋಗುತ್ತದೆ. ಅಲ್ಲಿ ಕೊಲ್ಲಿಯ ಅಂಚಿನಲ್ಲಿ ನೀರಿನೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ದಕ್ಕೆಯಿದೆ. ಭರತವಿರಲಿ ಇಳಿತವಿರಲಿ, ನೀರು ಯಾವ ಮಟ್ಟದಲ್ಲಿದ್ದರೂ ಯಾವುದಾದರೊಂದು ಮೆಟ್ಟಿಲು ದೋಣಿಯ ಅಂಚಿಗೆ ಸರಿಯಾಗುತ್ತದೆ. ಇದರ ಜೊತೆಗೆ 1859ರ ಕಲ್ಲಿನ ದೀಪಸ್ತಂಭ, ಅಲೆ ತಡೆಗೋಡೆ, ದೋಣಿಗಳ ತಳವನ್ನು ಸುಟ್ಟು ಶುಚಿಗೊಳಿಸುತ್ತಿದ್ದ ಜಾಗ, ಕಾವಲುಠಾಣೆಯ ನೆಲೆ ಇವೆಲ್ಲ ಎದೊ ಕಾಲದಿಂದ (1603–1868) ಒಟ್ಟಾಗಿ ಉಳಿದುಬಂದಿವೆ. ಸಂಚಾರ ದಟ್ಟಣೆ ತಪ್ಪಿಸಲು ಕೊಲ್ಲಿಯ ಒಂದು ಭಾಗಕ್ಕೆ ಮಣ್ಣು ತುಂಬಿ ಸೇತುವೆ ಕಟ್ಟುವ ಯೋಜನೆ ಬಂದಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2009ರ ಅಕ್ಟೋಬರಿನಲ್ಲಿ ಹಿರೋಷಿಮಾ ಜಿಲ್ಲಾ ನ್ಯಾಯಾಲಯವು, ಆ ಭೂದೃಶ್ಯದಿಂದ ಅಲ್ಲಿನ ನಿವಾಸಿಗಳಿಗೆ ಸಿಗುವ ಪ್ರಯೋಜನ ಕಾನೂನಿನ ರಕ್ಷಣೆಗೆ ಅರ್ಹವಾದದ್ದು ಎಂದು ಒಪ್ಪಿ ಯೋಜನೆಯನ್ನು ತಡೆಯಿತು. ಮುಂದೆ ಸರ್ಕಾರವೂ ಅದನ್ನು ಕೈಬಿಟ್ಟಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಯೋಜನೆಯು ಮೆಟ್ಟಿಲುಗಳನ್ನು ಒಡೆದುಹಾಕುವುದಷ್ಟೇ ಪ್ರಶ್ನೆಯಾಗಿರಲಿಲ್ಲ. ಮೆಟ್ಟಿಲುಗಳ ಎದುರಿನ ನೀರಿಗೂ ಮೌಲ್ಯವಿದೆ ಎಂಬುದನ್ನು ನ್ಯಾಯಾಲಯವೊಂದು ಗುರುತಿಸಿತು. ದಕ್ಕೆಗಳ ಸಂರಕ್ಷಣೆಯಲ್ಲಿ ಇಷ್ಟು ಸ್ಪಷ್ಟವಾದ ನಿಲುವು ಅಪರೂಪ.

ಮೌಲ್ಯದ ಮಾತು ಬಂದಾಗ ಕಲ್ಲಿನ ಕೌಶಲದಾಚೆಗೂ ನೋಡಬೇಕಾಗುತ್ತದೆ. ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ 1811ರಿಂದ ಕಟ್ಟಿದ ವಲೊಂಗೊ ದಕ್ಕೆಯಲ್ಲಿ ವಾಸ್ತುವಿನ ಸೊಬಗೇನೂ ಇಲ್ಲ. ಒರಟು ಕಲ್ಲುಗಳ ನೆಲಹಾಸು ಅಷ್ಟೇ. ಗುಲಾಮರನ್ನಾಗಿ ಮಾಡಿ ತಂದ ಸುಮಾರು ಒಂಬತ್ತು ಲಕ್ಷ ಆಫ್ರಿಕನ್ನರು ಈ ಭಾಗದ ಮೂಲಕ ದಕ್ಷಿಣ ಅಮೆರಿಕದ ನೆಲಕ್ಕೆ ಕಾಲಿಟ್ಟರೆಂದು ಅಂದಾಜಿದೆ. 1843ರಲ್ಲಿ ಸಾಮ್ರಾಜ್ಞಿಯೊಬ್ಬಳ ಸ್ವಾಗತಕ್ಕಾಗಿ ಅದರ ಮೇಲೆ ಇನ್ನೊಂದು ಚಂದದ ದಕ್ಕೆಯನ್ನು ಹಾಸಿ ಮೊದಲಿನದನ್ನು ಮುಚ್ಚಲಾಯಿತು. 2011ರಲ್ಲಿ ಬಂದರು ಪ್ರದೇಶದ ನವೀಕರಣ ಕಾಮಗಾರಿಯ ಅಗೆತದಲ್ಲಿ ಅದು ಮತ್ತೆ ಹೊರಬಂತು, 2017ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ, ಕರಾರು ಕೂಲಿಗಳಾಗಿ ಭಾರತದಿಂದ ಹೋದ ಲಕ್ಷಾಂತರ ಜನ ಹತ್ತಿದ ಕಲ್ಲಿನ ಮೆಟ್ಟಿಲುಗಳಿರುವ ಆಪ್ರವಾಸಿ ಘಾಟ್ 2006ರಲ್ಲಿ ಅದೇ ಮಾನ್ಯತೆ ಪಡೆಯಿತು. ಸುಂದರವಾದ ದಕ್ಕೆಗಳನ್ನಷ್ಟೇ ಉಳಿಸುವ ನೀತಿಯಿದ್ದರೆ ಇವೆರಡೂ ಉಳಿಯುತ್ತಿರಲಿಲ್ಲ. ಲಿವರ್‌ಪೂಲಿನ ಸಿರಿವಂತ ಡಾಕ್‌ಗಳ ಹಿಂದೆಯೂ ಗುಲಾಮರ ವ್ಯಾಪಾರದ ಹಣವಿತ್ತು ಎಂಬುದನ್ನು ಈ ಒರಟು ಕಲ್ಲುಗಳ ಜೊತೆಗಿಟ್ಟು ಓದಬೇಕು.

ಇನ್ನು ಸಮುದ್ರಮಟ್ಟದ ಪ್ರಶ್ನೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಆರನೆಯ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ಅವಧಿಯಲ್ಲಿ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಶತಮಾನದ ಕೊನೆಗೆ, ಇಂಗಾಲದ ಹೊರಸೂಸುವಿಕೆ ಬಹಳ ಹೆಚ್ಚಿದ್ದರೆ, ಏರಿಕೆ 63 ಸೆಂಟಿಮೀಟರ್‌ನಿಂದ 1 ಮೀಟರ್‌ವರೆಗೆ ಆಗಬಹುದು. ಹಳೆಯ ದಕ್ಕೆಯ ಅಂಚುಗಲ್ಲಿನ ಎತ್ತರವನ್ನು ಆ ಕಾಲದ ಅತಿ ದೊಡ್ಡ ಭರತವನ್ನೂ, ಆ ಕಾಲದ ದೋಣಿಯ ಅಂಚನ್ನೂ ನೋಡಿ ನಿಗದಿಪಡಿಸಿದ್ದರು. ಅದು ಮನಬಂದಂತೆ ಬದಲಿಸಬಹುದಾದ ಅಳತೆಯಲ್ಲ.

ವೆನಿಸ್‌ನಲ್ಲಿ ಇದರ ಪರಿಣಾಮ ಸ್ಪಷ್ಟವಾಗಿದೆ. ಅಲ್ಲಿನ ಕಟ್ಟಡಗಳ ಬುಡದಲ್ಲೂ ಕಾಲುವೆಯ ಅಂಚಿನಲ್ಲೂ ಬಳಸಿರುವ ಇಸ್ಟ್ರಿಯಾದ ಸುಣ್ಣಕಲ್ಲು ಬಹಳ ಸಾಂದ್ರವಾದದ್ದು, ನೀರನ್ನು ಹೆಚ್ಚು ಹೀರುವುದಿಲ್ಲ. ಅದರ ಮೇಲೆ ಇಟ್ಟಿಗೆ. ನೀರಿನ ಮಟ್ಟ ಕಲ್ಲಿನ ವರಸೆಯನ್ನು ದಾಟಿ ಇಟ್ಟಿಗೆಯನ್ನು ಮುಟ್ಟತೊಡಗಿದಂತೆ ಉಪ್ಪು ಗೋಡೆಯೊಳಕ್ಕೆ ಏರುತ್ತಿದೆ. 1966ರ ನವೆಂಬರ್ 4ರಂದು ನೀರು ಅಲ್ಲಿನ ಅಳತೆಯ ಮೂಲಮಟ್ಟದಿಂದ 194 ಸೆಂಟಿಮೀಟರ್‌ಗೆ, 2019ರ ನವೆಂಬರ್ 12ರಂದು 187 ಸೆಂಟಿಮೀಟರ್‌ಗೆ ಏರಿತ್ತು. ನಗರವನ್ನು ಸುತ್ತುವರಿದ ಲಗೂನು ಎಂಬ ಹಿನ್ನೀರು ಸಮುದ್ರವನ್ನು ಸೇರುವ ಬಾಯಿಗಳಲ್ಲಿ 78 ಚಲಿಸುವ ಬಾಗಿಲುಗಳನ್ನು ಅಳವಡಿಸಿದ ಮೋಸೆ ವ್ಯವಸ್ಥೆಯನ್ನು 2020ರ ಅಕ್ಟೋಬರ್ 3ರಂದು ನಿಜವಾದ ಪ್ರವಾಹದ ಎದುರು ಮೊದಲ ಬಾರಿ ಎತ್ತಲಾಯಿತು, ಅದು ಫಲ ಕೊಟ್ಟಿತು. ಆದರೆ ಸಮುದ್ರ ಏರಿದಂತೆ ಬಾಗಿಲುಗಳನ್ನು ಮುಚ್ಚಬೇಕಾದ ದಿನಗಳೂ ಹೆಚ್ಚುತ್ತವೆ, ಬಂದರಿನ ಸಂಚಾರಕ್ಕೂ ಲಗೂನಿನ ಜೀವಿಗಳಿಗೂ ಅದರಿಂದ ತೊಂದರೆಯಿದೆ. ಇಂಥ ವೆಚ್ಚ ವೆನಿಸ್‌ನಂಥ ನಗರಕ್ಕೆ ಸಾಧ್ಯವಾಗಬಹುದು. ಸಣ್ಣ ಬಂದರುಗಳಿಗೆ ಸಾಧ್ಯವಿಲ್ಲ. ಅವು ಅಂಚುಗಲ್ಲುಗಳನ್ನು ಎತ್ತಿ ಕೆಳಗೆ ಹೊಸ ವರಸೆ ಸೇರಿಸುವುದು, ದಕ್ಕೆಯ ಹಿಂದೆ ಸ್ವಲ್ಪ ದೂರದಲ್ಲಿ ಪ್ರವಾಹ ತಡೆಯುವ ಗೋಡೆ ಕಟ್ಟಿ ದಕ್ಕೆಯನ್ನು ಆಗಾಗ ಮುಳುಗಲು ಬಿಡುವುದು, ಇಲ್ಲವೇ ಅಂಚಿನಲ್ಲೇ ಕಾಂಕ್ರೀಟ್ ಗೋಡೆ ಎಬ್ಬಿಸುವುದು ಇವುಗಳಲ್ಲಿ ಒಂದನ್ನು ಆರಿಸಬೇಕು. ಮೂರನೆಯದು ಅಗ್ಗವೆಂದು ಅದನ್ನೇ ಹೆಚ್ಚಾಗಿ ಆರಿಸಲಾಗುತ್ತದೆ. ಅದು ಹೆಚ್ಚುವರಿ ಭಾರವನ್ನು ದಕ್ಕೆಯ ಅತ್ಯಂತ ದುರ್ಬಲವಾದ ಅಂಚಿನ ಮೇಲೆ ಹೇರುವುದಲ್ಲದೆ ನೀರಿಗೂ ನಗರಕ್ಕೂ ನಡುವೆ ಪರದೆ ಎಳೆಯುತ್ತದೆ. ಎರಡನೆಯದನ್ನು ನಾನು ಒಪ್ಪುತ್ತೇನೆ: ಆಗಾಗ ಒದ್ದೆಯಾಗುವುದಕ್ಕೆಂದೇ ಕಟ್ಟಿದ ಕಲ್ಲು, ಬಸಿಯುವ ದಾರಿ ಸರಿಯಿದ್ದರೆ, ಕೆಲವು ಗಂಟೆ ಮುಳುಗಿದ್ದರಿಂದ ಕೆಡುವುದಿಲ್ಲ.

ಕಾನೂನಿನ ತೊಡಕು ಈ ಎಲ್ಲಕ್ಕೂ ಅಡ್ಡ ಬರುತ್ತದೆ. ದಕ್ಕೆಯ ಮೇಲ್ಭಾಗ ನಗರಸಭೆಯದ್ದು, ಗೋಡೆ ಬಂದರು ಸಂಸ್ಥೆಯದ್ದು, ನೀರಿನಡಿಯ ನೆಲ ಸರ್ಕಾರದ ಇನ್ನೊಂದು ಇಲಾಖೆಯದ್ದು ಎಂಬಂಥ ಹಂಚಿಕೆ ಅನೇಕ ದೇಶಗಳಲ್ಲಿದೆ. ಭೂಮಿಯ ಮೇಲಿನ ಸ್ಮಾರಕಗಳ ಕಾನೂನು ನೀರಿನ ಅಂಚಿಗೆ ಬಂದು ನಿಲ್ಲುತ್ತದೆ. ನೀರಿನಡಿಯ ಸಾಂಸ್ಕೃತಿಕ ಪರಂಪರೆಯ ಕುರಿತ ಯುನೆಸ್ಕೊದ 2001ರ ಒಡಂಬಡಿಕೆಯು ಕನಿಷ್ಠ 100 ವರ್ಷ, ಭಾಗಶಃ ಅಥವಾ ಪೂರ್ತಿಯಾಗಿ, ಆಗಾಗ ಅಥವಾ ಸದಾ ನೀರಿನಲ್ಲಿದ್ದ ರಚನೆಗಳನ್ನು ಒಳಗೊಳ್ಳುತ್ತದೆ. ಭರತ ಇಳಿತಗಳ ನಡುವೆ ನಿಂತ ದಕ್ಕೆಗೆ ಈ ಮಾತುಗಳು ಚೆನ್ನಾಗಿ ಹೊಂದುತ್ತವೆ. ಆದರೆ ಬ್ರಿಟನ್ ಮತ್ತು ಅಮೆರಿಕದಂಥ ದೊಡ್ಡ ಕಡಲ ದೇಶಗಳು ಅದಕ್ಕೆ ಸೇರಿಲ್ಲ, ಸೇರಿದ ದೇಶಗಳಲ್ಲೂ ಅದರ ಗಮನ ಬಹುಮಟ್ಟಿಗೆ ಮುಳುಗಿದ ಹಡಗುಗಳ ಮೇಲಿದೆ.

ಹಣದ ಹಂಚಿಕೆಯೂ ಇದೇ ದೃಷ್ಟಿದೋಷವನ್ನು ತೋರಿಸುತ್ತದೆ. ಸಾರ್ವಜನಿಕ ಅನುದಾನ ಸಿಗುವುದು ಬಹುತೇಕ ದೊಡ್ಡ ನವೀಕರಣಕ್ಕೆ: ನೆಲಹಾಸು, ದೀಪಗಳು, ಆಸನಗಳು, ಮಾಹಿತಿಫಲಕ. ನೀರಿನಡಿಯ ತಳವನ್ನು ಧ್ವನಿತರಂಗಗಳಿಂದ ಅಳೆದು ಎಲ್ಲಿ ಕೊರೆದಿದೆ ಎಂದು ನೋಡುವುದು, ಗೋಡೆಯ ಹಿಂದಿನ ಟೊಳ್ಳುಗಳನ್ನು ನೆಲಭೇದಿ ರೇಡಾರಿನಿಂದ ಪತ್ತೆಹಚ್ಚುವುದು, ಇಳಿತದ ಕೆಲವೇ ಗಂಟೆಗಳಲ್ಲಿ ಇಳಿದು ಸುಣ್ಣದ ಗಾರೆಯಿಂದ ಸಂದು ತುಂಬುವುದು, ಮುಚ್ಚಿಹೋದ ಬಸಿಗಿಂಡಿಗಳನ್ನು ಬಿಡಿಸುವುದು ಇವು ಪ್ರತಿ ವರ್ಷ ನಡೆಯಬೇಕಾದ ಕೆಲಸಗಳು, ಅನುದಾನದ ಅರ್ಜಿಯಲ್ಲಿ ಇವಕ್ಕೆ ಆಕರ್ಷಣೆಯಿಲ್ಲ. ಬಂದರು ಬಳಕೆಯಲ್ಲಿದ್ದಾಗ ಇವೆಲ್ಲ ಅದರ ಆದಾಯದಿಂದಲೇ, ಅದರ ಕೆಲಸಗಾರರಿಂದಲೇ ನಡೆಯುತ್ತಿದ್ದವು. ಆದ್ದರಿಂದ ದಕ್ಕೆಯಲ್ಲಿ ಒಂದಿಷ್ಟು ಮೀನುಗಾರಿಕೆ, ಒಂದಿಷ್ಟು ದೋಣಿ ದುರಸ್ತಿ ಉಳಿದಿರುವ ಕಡೆ ಅದನ್ನು ಎಬ್ಬಿಸಿ ಕಳಿಸದಿರುವುದು ಭಾವುಕತೆಯ ಮಾತಲ್ಲ. ಅಲ್ಲಿ ದಿನವೂ ನಿಲ್ಲುವವರು ಅಂಚುಗಲ್ಲು ಒಂದು ಬೆರಳು ಸರಿದರೂ ಮೊದಲು ಗಮನಿಸುತ್ತಾರೆ. ಯಾವ ದಕ್ಕೆಯ ಪುನರಾಭಿವೃದ್ಧಿಗೆ ಅನುಮತಿ ಕೊಡುವಾಗಲೂ ಅದರ ತಳದ ಸಮೀಕ್ಷೆ, ಮೇಲೆ ಹೇರಬಹುದಾದ ಭಾರದ ಮಿತಿ, ಬಳಸಬೇಕಾದ ಗಾರೆ, ಮತ್ತು ಮುಂದಿನ ಮೂವತ್ತು ವರ್ಷಗಳ ನಿರ್ವಹಣೆಗೆ ಮೀಸಲಿಟ್ಟ ಹಣ ಈ ನಾಲ್ಕನ್ನು ಷರತ್ತಾಗಿ ಬರೆದುಕೊಳ್ಳಲು ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಅನುಮತಿ ಪತ್ರಕ್ಕೆ ಸಹಿ ಹಾಕುವ ಸ್ಥಳೀಯ ಆಡಳಿತಕ್ಕೆ ಆ ಅಧಿಕಾರ ಬಹುತೇಕ ಕಡೆ ಈಗಾಗಲೇ ಇದೆ.